ಮರವೇ ಬಾಂದುಕಲ್ಲಾಗಿದ್ದ ಕಾಲದ ಕಾಗದಗಳು

1851ರ ಶರತ್ಕಾಲ. ಅಮೆರಿಕದ ಮಿಸೌರಿ ರಾಜ್ಯದ ಆಷ್ ಗ್ರೋವ್ ಬಳಿಯ ಮನೆಯೊಂದಕ್ಕೆ ಕುಳ್ಳನೆಯ, ಬಡಕಲು ಮೈಯ ಅತಿಥಿಯೊಬ್ಬ ಬಂದಿಳಿದ. ಹೆಸರು ಲೈಮನ್ ಕೋಪ್‌ಲ್ಯಾಂಡ್ ಡ್ರೇಪರ್, ವಯಸ್ಸು 36. ಮನೆಯ ಯಜಮಾನ ನೇಥನ್ ಬೂನ್ ಎಪ್ಪತ್ತರ ಮುದುಕ. ಕೆಂಟಕಿಯ ಕಾಡಿಗೆ ದಾರಿ ಕಡಿದ ಡೇನಿಯಲ್ ಬೂನ್‌ನ ಕಿರಿಯ ಮಗ. ನೇಥನ್ ಮತ್ತು ಅವನ ಹೆಂಡತಿ ಆಲಿವ್ ನೆನಪಿನಿಂದ ತೆಗೆದು ಹೇಳಿದ್ದನ್ನೆಲ್ಲ ಡ್ರೇಪರ್ ದಿನಗಟ್ಟಲೆ ಕೂತು ಬರೆದುಕೊಂಡ. ಟಿಪ್ಪಣಿ 300 ಪುಟ ದಾಟಿತು. ಹೊರಡುವಾಗ ಅವನ ಗಂಟಿನಲ್ಲಿ ಡೇನಿಯಲ್ ಬೂನ್ ಕಾಲದ ಹಳೆಯ ಕಾಗದಗಳೂ ಸೇರಿಕೊಂಡಿದ್ದವು.

ಬೂನ್ ಎಂದರೆ ಜನಕ್ಕೆ ನೆನಪಾಗುವುದು ಬಂದೂಕು, ಕರಡಿ ಬೇಟೆ. ಆದರೆ ಅವನ ಬದುಕನ್ನು ಎತ್ತಿದ್ದೂ ಕೆಡವಿದ್ದೂ ಜಮೀನಿನ ಕಾಗದ. ಗಡಿನಾಡಿನ ಈ ಕಾಗದಗಳನ್ನು ಹುಡುಕಿ ಕೂಡಿಡುವ ಹವ್ಯಾಸಕ್ಕೆ ಅಮೆರಿಕದಲ್ಲಿ ದೊಡ್ಡ ಚರಿತ್ರೆಯೇ ಇದೆ. ಅದರಲ್ಲಿ ಡ್ರೇಪರ್‌ನಷ್ಟು ದೂರ ಅಲೆದವರು ವಿರಳ.

ನಮ್ಮ ಹಳೆಯ ಕ್ರಯಪತ್ರಗಳಲ್ಲಿ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಎಂದು ಚೆಕ್ಕುಬಂದಿ ಬರೆಯುತ್ತಾರಲ್ಲ, ಕೆಂಟಕಿಯ ಪತ್ರಗಳ ಜೀವವೂ ಅದರಲ್ಲೇ ಇತ್ತು. ಹೊಳೆದಂಡೆಯ ಎರಡು ಬಿಳಿ ಓಕ್ ಮರಗಳಿಂದ ಹೊರಟು, ಇಂಥ ದಿಕ್ಕಿಗೆ ಇಷ್ಟು ಪೋಲ್ ನಡೆದರೆ ಹಿಕರಿ ಮರ. ಅಲ್ಲಿಂದ ತಿರುಗಿದರೆ ಮೇಪಲ್. ಕೊನೆಗೆ ಮತ್ತೆ ಹೊರಟ ಜಾಗಕ್ಕೇ. ಆ ಮರಗಳ ತೊಗಟೆಗೆ ಕೊಡಲಿಯಿಂದ ಕಚ್ಚು ಹಾಕಿ ಗುರುತು ಮಾಡುತ್ತಿದ್ದರು. ಪೋಲ್ ಎಂದರೆ ಹದಿನಾರೂವರೆ ಅಡಿ. ಎರಡು ಪೋಲ್ ಉದ್ದ, ಎರಡು ಪೋಲ್ ಅಗಲದ ತುಂಡು ಸರಿಯಾಗಿ ನಮ್ಮ ಒಂದು ಗುಂಟೆ. ಇಂಗ್ಲಿಷರ ಎಕರೆ ಎರಡೂ ಕಡೆಯ ನೆಲವನ್ನು ಅಳೆದಿದೆ. ಬರೆಯುತ್ತಿದ್ದ ಮಸಿಯೂ ಓಕ್ ಮರದ್ದೇ. ಆ ಮರದ ಮಾಚಿಕಾಯಿಗೆ ಅನ್ನಭೇದಿ ಬೆರೆಸಿ ಕಾಯಿಸಿದ್ದು. ಹೊಸದರಲ್ಲಿ ಕಪ್ಪಾಗಿದ್ದು, ವರ್ಷಗಳು ಕಳೆದಂತೆ ಕಂದಾಗುತ್ತದೆ, ಕೆಲವೆಡೆ ಕಾಗದವನ್ನೇ ತಿಂದು ತೂತು ಮಾಡುತ್ತದೆ. ಕಾಗದ ಮಾತ್ರ ಗಟ್ಟಿ, ಹಳೆಯ ನಾರುಬಟ್ಟೆಯ ಚಿಂದಿಯಿಂದ ಮಾಡಿದ್ದು. ನೂರು ವರ್ಷದ ಈಚಿನ ಎಷ್ಟೋ ಕಾಗದಗಳು ಪುಡಿಯಾಗುತ್ತಿರುವಾಗ ಇವು ಇನ್ನೂ ಮಡಿಕೆ ಬಿಚ್ಚಿಸಿಕೊಳ್ಳುತ್ತವೆ.

ಆಗ ಕೆಂಟಕಿ ವರ್ಜೀನಿಯಾಕ್ಕೆ ಸೇರಿತ್ತು. 1779ರ ಕಾನೂನಿನ ಪ್ರಕಾರ, 1778ಕ್ಕೆ ಮುಂಚೆ ಬಂದು ನೆಲೆಸಿದವರಿಗೆ ಅಥವಾ ಮೆಕ್ಕೆಜೋಳದ ಬೆಳೆ ತೆಗೆದವರಿಗೆ 400 ಎಕರೆ ಸಿಗುತ್ತಿತ್ತು. ಪಕ್ಕದ 1,000 ಎಕರೆ ಕೊಳ್ಳಲು ಮೊದಲ ಹಕ್ಕೂ ಇತ್ತು. ಉಳಿದವರು ಖಜಾನೆಗೆ ಹಣ ಕಟ್ಟಿ ಜಮೀನಿಗೆ ಅರ್ಹತೆ ಕೊಡುವ ವಾರಂಟ್ ಪಡೆಯಬೇಕು, ಜಾಗ ನಮೂದಿಸಬೇಕು, ಸರ್ವೆ ಮಾಡಿಸಬೇಕು, ಆಮೇಲೆ ಹಕ್ಕುಪತ್ರ. ಜಾಗ ಎಲ್ಲಿದೆ ಎಂದು ಯಾರೂ ಮೊದಲೇ ಅಳೆದಿರಲಿಲ್ಲ. ಹೀಗಾಗಿ ಒಂದೇ ನೆಲದ ಮೇಲೆ ಮೂರು ನಾಲ್ಕು ಜನರ ಹಕ್ಕು, ಮನೆಯ ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಬಿತ್ತು. ಮುಂದೆ ಹೀಗಾಗದಿರಲೆಂದು 1785ರಲ್ಲಿ ಹೊಸ ಪ್ರದೇಶಗಳನ್ನು ಆರು ಮೈಲಿಯ ಚೌಕಗಳಾಗಿ ಅಳೆಯುವ ಕಾಯ್ದೆ ಬಂತು. ಕೆಂಟಕಿಗೆ ಅದು ತಡವಾಗಿತ್ತು.

ಈ ಗೋಜಲಿಗೆ ಸಿಕ್ಕವರಲ್ಲಿ ಬೂನ್ ಒಬ್ಬ. 1780ರಲ್ಲಿ ನೆರೆಹೊರೆಯವರು ವಾರಂಟ್ ತರಲೆಂದು ಕೊಟ್ಟ ಹಣ ಹೊತ್ತು ಹೋಗುವಾಗ, ದಾರಿಯ ವಸತಿಗೃಹದಲ್ಲಿ ಮಲಗಿದ್ದವನ ಗಂಟನ್ನು ಯಾರೋ ದೋಚಿದರು. ಸುಮಾರು 20,000 ಡಾಲರ್. ಆಮೇಲೆ ಸರ್ವೆಯರ್ ಆಗಿ ನೂರಕ್ಕೂ ಹೆಚ್ಚು ಅಳತೆ ಮಾಡಿದ. ಅಳತೆಗಳ ಮೇಲೆ ತಕರಾರು, ತಕರಾರಿನ ಮೇಲೆ ಕೋರ್ಟು. 1799ರಲ್ಲಿ ಸ್ಪೇನಿನ ಆಳ್ವಿಕೆಯಲ್ಲಿದ್ದ ಮಿಸೌರಿಗೆ ಎದ್ದು ಹೋದ. ಅಲ್ಲಿ ಸಿಕ್ಕ ಜಮೀನಿಗೂ ಕಾಗದಪತ್ರ ಸರಿಯಿಲ್ಲವೆಂದು ಅಮೆರಿಕ ಸರ್ಕಾರ ಹಕ್ಕು ನಿರಾಕರಿಸಿತು. 1814ರಲ್ಲಿ ಸಂಸತ್ತು ಸುಮಾರು 850 ಎಕರೆಯನ್ನು ಮರಳಿಸಿದಾಗ ಹಿಂದೆ ಸಾಲ ಕೊಟ್ಟವರು ಬಾಗಿಲಿಗೆ ಬಂದರು, ಅದನ್ನೂ ಮಾರಿದ. ಕೆಂಟಕಿ ಬಿಟ್ಟು ಹೋದವರಲ್ಲಿ ಥಾಮಸ್ ಲಿಂಕನ್ ಎಂಬ ರೈತನೂ ಇದ್ದ. 1816ರಲ್ಲಿ ಮನೆಮಂದಿಯೊಂದಿಗೆ ಇಂಡಿಯಾನಾಕ್ಕೆ ಗುಳೆ ಹೋದದ್ದಕ್ಕೆ ಮುಖ್ಯ ಕಾರಣ ಜಮೀನಿನ ಹಕ್ಕಿನ ತೊಡಕು ಎಂದು ಅವನ ಮಗ ಅಬ್ರಹಾಂ ಮುಂದೆ ಬರೆದಿದ್ದಾನೆ.

ಈ ಹಕ್ಕುಪತ್ರಗಳು ನೆಲದ ಹಿಂದಿನ ಒಡೆಯರ ಬಗ್ಗೆ ಮೌನವಾಗಿವೆ. ಷಾನಿ, ಚೆರೋಕಿ ಮೂಲನಿವಾಸಿಗಳು ತಲೆಮಾರುಗಳಿಂದ ಬೇಟೆಯಾಡಿದ ಕಾಡು ಅದು. ಮೂಲನಿವಾಸಿಗಳನ್ನು ಡ್ರೇಪರ್ ಪೂರ್ತಿ ಮರೆಯಲಿಲ್ಲ. 1850ರಲ್ಲಿ ಸೆನೆಕಾ ಜನರ ಮುದಿ ನಾಯಕ ಬ್ಲ್ಯಾಕ್‌ಸ್ನೇಕ್‌ನನ್ನು ಕಂಡು ಮಾತಾಡಿಸಿ ಬರೆದುಕೊಂಡಿದ್ದ. ಅಷ್ಟರ ಮಟ್ಟಿಗೆ ಅವನು ತನ್ನ ಕಾಲದ ಎಷ್ಟೋ ಇತಿಹಾಸಕಾರರಿಗಿಂತ ಮೇಲು.

ನ್ಯೂಯಾರ್ಕ್ ರಾಜ್ಯದ ಹಳ್ಳಿಯಲ್ಲಿ 1815ರಲ್ಲಿ ಹುಟ್ಟಿದ ಈತ 1838ರ ಹೊತ್ತಿಗಾಗಲೇ ಗಡಿನಾಡಿನ ಹಿರಿಯರಿಗೆ ಪತ್ರ ಬರೆಯತೊಡಗಿದ್ದ. ಕುದುರೆ, ಬಾಡಿಗೆ ಬಂಡಿ, ಕಾಲ್ನಡಿಗೆ, ಸಾವಿರಾರು ಮೈಲಿ. 1854ರಿಂದ 1886ರವರೆಗೆ ವಿಸ್ಕಾನ್ಸಿನ್ ಇತಿಹಾಸ ಸಂಘದ ಕಾರ್ಯದರ್ಶಿ. ಕೆಂಟಕಿಯ ಮುದುಕರ ಮಾತು ಬರೆದಿಟ್ಟ ಪಾದ್ರಿ ಜಾನ್ ಶೇನ್ 1864ರಲ್ಲಿ ತೀರಿಕೊಂಡಾಗ, ಹರಾಜಿಗೆ ಬಂದ ಆತನ ಕಟ್ಟುಗಳನ್ನೂ ಕೊಂಡ. ಅವು ಚದುರಿಹೋಗಿದ್ದರೆ ಕೆಂಟಕಿಯ ಮೊದಲ ತಲೆಮಾರಿನ ದನಿಯೇ ಹೋಗುತ್ತಿತ್ತು. ಸಾಲ ತಂದ ಕಾಗದಗಳನ್ನು ವಾಪಸು ಕೊಡಲಿಲ್ಲ ಎಂಬ ದೂರು ದಕ್ಷಿಣದ ರಾಜ್ಯಗಳಲ್ಲಿ ಅವನ ಬೆನ್ನು ಬಿಡಲಿಲ್ಲ. ದೂರು ಗಂಭೀರವಾದದ್ದೇ. ಆದರೂ ಆ ಕಾಗದಗಳು ಇಂದು ಓದಲು ಸಿಗುತ್ತಿರುವುದು ಅವನ ಹಟದಿಂದ.

1891ರಲ್ಲಿ ಡ್ರೇಪರ್ ತೀರಿಕೊಂಡಾಗ ಸಂಗ್ರಹ ಸಂಘದ ಪಾಲಾಯಿತು. ಸಂಘವಿದ್ದ ಮ್ಯಾಡಿಸನ್‌ನಲ್ಲಿ ಅದನ್ನು ವಿಂಗಡಿಸಿ ಹೊಲಿದು ಕಟ್ಟಿದಾಗ 491 ಸಂಪುಟವಾಯಿತು. ಅತ್ತ ಕೆಂಟಕಿಯ ಫ್ರಾಂಕ್‌ಫರ್ಟ್‌ನಲ್ಲಿರುವ ಆ ರಾಜ್ಯದ ಭೂದಾಖಲೆ ಕಚೇರಿ ತನ್ನ ಹಳೆಯ ಸರ್ವೆ, ಹಕ್ಕುಪತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ಮನೆಗಳ ಅಟ್ಟದಲ್ಲಿದ್ದವು ಮಾತ್ರ ಹರಾಜಿನ ಅಂಗಡಿಗೆ ಬರುತ್ತಲೇ ಇವೆ. ಹೆಸರಾಂತರ ಸಹಿ ಇದ್ದರೆ ಬೆಲೆ, ಇಲ್ಲದಿದ್ದರೆ ಇಲ್ಲ. ಒಂದೇ ಮನೆತನದ ಕಟ್ಟನ್ನು ಬಿಡಿಸಿ ಒಂದೊಂದೇ ಹಾಳೆ ಮಾರಿದರೆ, ಯಾವ ಮರದಿಂದ ಯಾವ ಮರಕ್ಕೆ ಗಡಿ ಹೋಗಿತ್ತೆಂದು ಹೊಂದಿಸುವ ದಾರಿ ಮುಚ್ಚುತ್ತದೆ. ಕೊಳ್ಳುವವರು ಕಟ್ಟನ್ನು ಕಟ್ಟಾಗಿಯೇ ಉಳಿಸಬೇಕು. ಅದಾಗದಿದ್ದರೆ ಪ್ರತಿ ಹಾಳೆಯ ನಕಲನ್ನಾದರೂ ಹತ್ತಿರದ ದಾಖಲೆ ಕಚೇರಿಗೆ ಕೊಡಬೇಕು.

ಡ್ರೇಪರ್ ಇಷ್ಟೆಲ್ಲ ಕೂಡಿಹಾಕಿದ್ದು ಬೂನ್‌ನಂಥವರ ಚರಿತ್ರೆ ಬರೆಯಲೆಂದು. ಬೂನ್‌ನ ಚರಿತ್ರೆಯನ್ನು ಬರೆಯುತ್ತಲೇ ಇದ್ದ, ಮುಗಿಸಲಿಲ್ಲ. ಅವನು ಸತ್ತು ನೂರು ವರ್ಷ ದಾಟಿದ ಮೇಲೆ, 1998ರಲ್ಲಿ ಆ ಹಸ್ತಪ್ರತಿ ಪುಸ್ತಕವಾಯಿತು. ಕಥೆ 1778ರ ಬೂನ್ಸ್‌ಬರೊ ಕೋಟೆಯ ಮುತ್ತಿಗೆಗೇ ನಿಲ್ಲುತ್ತದೆ. ಬೂನ್ ಅಳತೆಯ ಸರಪಳಿ ಹಿಡಿದ ವರ್ಷಗಳು ಅದರಲ್ಲಿಲ್ಲ.