ಚಂದ್ರನ ಗಂಧಕ, ತೋಟದ ರಂಜಕ

"ಚಂದ್ರನ ಮಣ್ಣಿನಲ್ಲಿ ಗಂಧಕ ಉಂಟು ಅಂತ ಅಲ್ಲಿಂದಲೇ ಹೇಳುವ ಯಂತ್ರ ನಮ್ಮಲ್ಲಿದೆ. ಹಾಗಿರುವಾಗ ನನ್ನ ಅಡಕೆ ತೋಟದ ಮಣ್ಣನ್ನು ಇನ್ನೂ ಹಾರೆಯಲ್ಲಿ ಅಗೆದು, ತೊಟ್ಟೆಯಲ್ಲಿ ಕಟ್ಟಿ ಲ್ಯಾಬಿಗೆ ಹೊರಬೇಕಾ?" ಕಾಸರಗೋಡಿನ ಬದಿಯಡ್ಕ ಕಡೆಯ ಕೃಷಿಕರೊಬ್ಬರು ಕೇಳಿದ ಪ್ರಶ್ನೆ ಇದು.

ಪ್ರಶ್ನೆಯಲ್ಲಿ ಹುರುಳಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಆರೇ ದಿನಕ್ಕೆ ದಕ್ಷಿಣ ಧ್ರುವದ ಬಳಿ ಗಂಧಕ ಸಿಕ್ಕಿದ್ದನ್ನು ಇಸ್ರೋ ಸಾರಿತು. ಪತ್ತೆ ಹಚ್ಚಿದ್ದು 26 ಕಿಲೋ ತೂಕದ ಪ್ರಜ್ಞಾನ್ ರೋವರ್. ಅದರಲ್ಲಿದ್ದ ಲಿಬ್ಸ್ ಎಂಬ ಉಪಕರಣ ತಯಾರಾದದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ. ಅದರ ಲೇಸರ್ ಮಣ್ಣಿಗೆ ಬಡಿದಾಗ ಸೂಜಿಮೊನೆಯಷ್ಟು ಜಾಗ ಕಾದು ಆವಿಯಾಗಿ ಕಿಡಿಯಾಗುತ್ತದೆ. ಆ ಕಿಡಿಯಲ್ಲಿ ಪ್ರತಿಯೊಂದು ಮೂಲವಸ್ತುವೂ ತನ್ನದೇ ಬಣ್ಣದ ಬೆಳಕು ಚೆಲ್ಲುತ್ತದೆ. ಬೆಳಕನ್ನು ಬಿಡಿಸಿ ನೋಡಿದರೆ ಯಾರ್‍ಯಾರಿದ್ದಾರೆ ಎಂಬುದು ಗೊತ್ತಾಯಿತು. ನಮ್ಮ ಕೃಷಿಕರಿಗೆ ಸರ್ಕಾರ ಕೊಡುವ ಮಣ್ಣು ಆರೋಗ್ಯ ಕಾರ್ಡ್ ನೋಡುವ 12 ಅಂಶಗಳಲ್ಲಿ ಗಂಧಕವೂ ಒಂದು.

ಆದರೆ ಮಣ್ಣಿನಲ್ಲಿ ಇರುವುದೆಲ್ಲ ಬೇರಿಗೆ ಸಿಗುವುದಿಲ್ಲ. ಕಾಸರಗೋಡಿನ ಮುರಕಲ್ಲು ಮಣ್ಣಿನಲ್ಲಿ ಇದು ದೊಡ್ಡ ತಾಪತ್ರಯ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿದು ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ತೊಳೆದುಹೋಗುತ್ತವೆ. ಉಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಗೊಬ್ಬರದ ರಂಜಕವನ್ನು ಬಿಗಿಹಿಡಿದುಬಿಡುತ್ತವೆ. ಅಟ್ಟದಲ್ಲಿ ಅಡಕೆ ಮೂಟೆ ಇದ್ದು ಬೀಗದಕೈ ಮಾತ್ರ ಮನೆಯಲ್ಲಿಲ್ಲದ ಸ್ಥಿತಿ. ಲೇಸರ್ ಮೂಟೆ ಎಣಿಸುತ್ತದೆ, ಅಷ್ಟೇ. ಬೇರಿಗೆ ಎಟಕುವ ರಂಜಕ ಎಷ್ಟೆಂದು ತಿಳಿಯಲು ಹುಳಿಮಣ್ಣಿಗಾಗಿಯೇ ಇರುವ ಬ್ರೇ ದ್ರಾವಣದಲ್ಲಿ ಮಣ್ಣನ್ನು ಕಲಕಿ, ಸೋಸಿ, ಬಣ್ಣ ಬರಿಸಿ ಅಳೆಯಬೇಕು. ಇಂಥ ರಸಾಯನದ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಬಹುದು. ಉಡುಪಿಯ ಕೃಷಿತಂತ್ರ ಸಂಸ್ಥೆಯ ಸ್ವಯಂಚಾಲಿತ ಯಂತ್ರ ಆ 12 ಅಂಶಗಳನ್ನೂ ಅರ್ಧ ಗಂಟೆಯ ಆಸುಪಾಸಿನಲ್ಲಿ ನೋಡಿಕೊಡುತ್ತದೆ.

ಇನ್ನು ಆನ್‌ಲೈನಿನಲ್ಲಿ ಸಿಗುವ, ಮಣ್ಣಿಗೆ ಚುಚ್ಚಿದೊಡನೆ ಸಾರಜನಕ, ರಂಜಕ, ಪೊಟ್ಯಾಷ್ ಮೂರರ ಲೆಕ್ಕವನ್ನೂ ಒಪ್ಪಿಸುವ ಅಗ್ಗದ ಕಡ್ಡಿಗಳ ವಿಷಯ. ಹವ್ಯಾಸಿಗಳು ಕಟ್ಟುವ ಪುಟ್ಟ ರೋಬೋಟುಗಳ ಮೂತಿಗೂ ಇವನ್ನೇ ಸಿಕ್ಕಿಸುತ್ತಾರೆ. ಇವು ನಿಜಕ್ಕೂ ಅಳೆಯುವುದು ಮಣ್ಣಿನ ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದೊಂದನ್ನೇ. ಆ ಒಂದು ಅಂಕಿಯನ್ನು ಯಾವುದೋ ಸೂತ್ರದಲ್ಲಿ ಗುಣಿಸಿ ಮೂರು ಮಾಡಿ ತೋರಿಸುತ್ತವೆ. ಪರೀಕ್ಷೆ ಸುಲಭ: ಒಂದು ಚಟ್ಟಿ ಹೊಯಿಗೆಗೆ ಬರೀ ಉಪ್ಪುನೀರು ಹೊಯ್ದು ಚುಚ್ಚಿ ನೋಡಿ. ಗೊಬ್ಬರದ ಸೋಂಕೇ ಇಲ್ಲದಿದ್ದರೂ ಮೂರೂ ಅಂಕಿಗಳು ಜೊತೆಜೊತೆಯಾಗಿ ಮೇಲೇರುತ್ತವೆ. ಹಿನ್ನೀರಿನ ಉಪ್ಪು ನುಗ್ಗುವ ತೆಂಗಿನ ತೋಟಕ್ಕೆ ಈ ಕಡ್ಡಿ "ಪೊಟ್ಯಾಷ್ ಧಾರಾಳ" ಎಂದು ಸರ್ಟಿಫಿಕೇಟ್ ಕೊಟ್ಟೀತು! ಸೋಗೆ ಹಳದಿಯಾದರೆ ಕವಡೆ ಹಾಕಿಸಿ ದೋಷ ಹುಡುಕುವವರು ಇಂದಿಗೂ ಇದ್ದಾರೆ. ಪರದೆಯಲ್ಲಿ ಅಂಕಿ ಮೂಡಿತೆಂದು ನಂಬಿ ಗೊಬ್ಬರ ನಿಲ್ಲಿಸುವುದು ಅದಕ್ಕಿಂತ ಜಾಣತನವೇನಲ್ಲ.

ಹಾಗಾದರೆ ರೋಬೋಟಿಗೆ ಕೆಲಸವೇ ಇಲ್ಲವೇ? ಇದೆ. ಮಣ್ಣು ತೆಗೆಯುವ ಕೆಲಸ.

ಇದು ಕೇಳಿದಷ್ಟು ಸುಲಭವಲ್ಲ. 2008ರಲ್ಲಿ ಮಂಗಳಕ್ಕೆ ಇಳಿದ ಫೀನಿಕ್ಸ್ ನೌಕೆಯ ಕೈ ಮಣ್ಣನ್ನೇನೋ ಗೋರಿತು. ಉಂಡೆಗಟ್ಟಿದ ಮಣ್ಣು ಜರಡಿಯಿಂದ ಕೆಳಗಿಳಿಯಲಿಲ್ಲ. ಒಳಗಿನ ಒಲೆ ತುಂಬಲು ದಿನಗಟ್ಟಲೆ ಅಲುಗಾಡಿಸಬೇಕಾಯಿತು. ಅಮೆರಿಕದ ಇಂಡಿಯಾನಾದ ರೋಗೋ ಕಂಪನಿಯ ರೋಬೋಟ್ ಜೋಳ, ಸೋಯಾ ಬೆಳೆಯುವ ಬಯಲುಗಳಲ್ಲಿ ಗುರುತಿಟ್ಟ ಜಾಗಕ್ಕೆ ತಾನೇ ಹೋಗಿ, ಪ್ರತಿ ಸಲವೂ ಒಂದೇ ಆಳದ ಮಣ್ಣು ತೆಗೆಯುತ್ತದೆ. ಮನುಷ್ಯನ ಕೈ ಹತ್ತನೆಯ ಗುಂಡಿಗೆ ಬರುವಷ್ಟರಲ್ಲಿ ಬೇಸತ್ತು ಮೇಲುಮಣ್ಣನ್ನೇ ಕೆರೆದು ತುಂಬುತ್ತದೆ. ವರದಿ ತಪ್ಪುವುದು ಹೆಚ್ಚಾಗಿ ಅಲ್ಲೇ.

ಮಣ್ಣು ಆರೋಗ್ಯ ಕಾರ್ಡ್ ಯೋಜನೆ ನೀರಾವರಿ ಜಮೀನಿನಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ ಎಂದು ಆರಂಭವಾಯಿತು. ಕಾಸರಗೋಡಿನಲ್ಲಿ ಅಷ್ಟು ಜಾಗದೊಳಗೆ ಗುಡ್ಡೆಯ ಗೇರು, ಮಗ್ಗುಲಿನ ಅಡಕೆ, ಕೆಳಗಿನ ಗದ್ದೆ ಎಲ್ಲವೂ ಬಂದುಬಿಡುತ್ತವೆ. ಸಾಲದ್ದಕ್ಕೆ ಬುಡಕ್ಕೊಂದು ಮಣ್ಣು, ನಡುವಿಗೊಂದು ಮಣ್ಣು. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಹುಟ್ಟಿದ ಇಲ್ಲಿನ ಸಿಪಿಸಿಆರ್‌ಐ ತೆಂಗಿಗೆ ಗೊಬ್ಬರ ಹಾಕಲು ಹೇಳುವುದು ಬುಡದ ಸುತ್ತಲಿನ 1.8 ಮೀಟರ್ ತ್ರಿಜ್ಯದ ವೃತ್ತದೊಳಗೆ. ಮಾದರಿಯನ್ನೂ ಅಲ್ಲಿಂದಲೇ ತೆಗೆಯಬೇಕು. ಚಕ್ರದ ರೋಬೋಟ್ ಕಣಿ ದಾಟಬೇಕು, ಮುರಕಲ್ಲಿಗೆ ತಾಗಿದರೆ ಹಿಂದೆ ಸರಿಯಬೇಕು, ಅಡಕೆ ಮರಗಳ ಚಪ್ಪರದಡಿ ಮಸುಕಾಗುವ ಜಿಪಿಎಸ್ ನಂಬಿ ಮರ ತಪ್ಪಬಾರದು.

ಇಷ್ಟೆಲ್ಲ ಆದ ಮೇಲೆ ಲೇಸರಿಗೆ ಇಲ್ಲಿ ಹೇಳಿ ಮಾಡಿಸಿದ ಒಂದು ಕೆಲಸ ಕಾದಿದೆ: ತಾಮ್ರ. ಮೈಸೂರಿನ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿಸಿದ ಮೇಲೆ ಅಡಕೆ ನಾಡಿನಲ್ಲಿ ತಲೆಮಾರುಗಳಿಂದ ಮದ್ದು ಬಿಡುತ್ತಲೇ ಬಂದಿದ್ದಾರೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಗೊನೆಯಿಂದ ತೊಟ್ಟಿಕ್ಕಿದ ತಾಮ್ರ ಕೊಳೆಯುವುದಿಲ್ಲ, ಸುಲಭಕ್ಕೆ ತೊಳೆದೂ ಹೋಗುವುದಿಲ್ಲ. ಮೇಲುಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಂಡು ಎರೆಹುಳು, ಶಿಲೀಂಧ್ರಗಳಿಗೆ ಕುತ್ತಾಗುವಷ್ಟು ಸೇರಿಕೊಳ್ಳಬಹುದು. ಇಲ್ಲಿ ಬೇಕಾದದ್ದು ಒಟ್ಟು ಲೆಕ್ಕವೇ. ಲೇಸರಿನ ಕಿಡಿಯಲ್ಲಿ 324.7 ನ್ಯಾನೋಮೀಟರಿನ ತಾಮ್ರದ ಗೆರೆ ಢಾಳಾಗಿ ಕಾಣುತ್ತದೆ. ಬುಡ ಬುಡದ ತಾಮ್ರದ ನಕ್ಷೆ ಬರೆಯಲು ರೋಬೋಟ್ ಬರುವುದಾದರೆ ಬೇಸಗೆಯಲ್ಲಿ, ಅದೂ ಸ್ಪ್ರಿಂಕ್ಲರ್ ಹಾಕದ ದಿನ ಬರಲಿ; ಒದ್ದೆ ಮಣ್ಣಿನಲ್ಲಿ ಕಿಡಿ ಮಂಕಾಗುತ್ತದೆ.