ಅಪರಿಚಿತರೊಡನೆ ಮಾತು: ಸಂತೋಷದ ತಪ್ಪು ಅಂದಾಜು

ಮನುಷ್ಯನ ಸಂತೋಷಕ್ಕೆ ಕುಟುಂಬ, ಸ್ನೇಹಗಳಂಥ ಗಾಢ ಸಂಬಂಧಗಳೇ ಆಧಾರವೆಂಬ ಹಳೆಯ ನಂಬಿಕೆಯನ್ನು ಮನೋವಿಜ್ಞಾನ ಅಲ್ಲಗಳೆದಿಲ್ಲ. ಆದರೆ ಹೆಸರೂ ತಿಳಿಯದವರೊಡನೆ ಆಡಿದ ನಾಲ್ಕು ಮಾತಿಗೂ ಮನಸ್ಸನ್ನು ಹಗುರಗೊಳಿಸುವ ಗುಣವುಂಟೆಂದೂ, ಜನರು ಅದನ್ನು ಸಾಮಾನ್ಯವಾಗಿ ಕಡೆಗಣಿಸುತ್ತಾರೆಂದೂ ಇತ್ತೀಚಿನ ಪ್ರಯೋಗಗಳು ತೋರಿಸಿವೆ.

ಈ ವಿಚಾರದ ಒಂದು ಬೇರು ಸಮಾಜಶಾಸ್ತ್ರದಲ್ಲಿದೆ. ಅಮೆರಿಕದ ಮಾರ್ಕ್ ಗ್ರಾನೊವೆಟರ್ 1973ರ ಪ್ರಬಂಧದಲ್ಲಿ ‘ಸಡಿಲ ನಂಟು’ಗಳ, ಅಂದರೆ ಆಪ್ತತೆಯಿಲ್ಲದ ಮುಖಪರಿಚಯದ ಸಂಬಂಧಗಳ ಮಹತ್ವವನ್ನು ವಿವರಿಸಿ, ಆಪ್ತರ ವಲಯದಾಚೆಯ ಸುದ್ದಿ ತಲುಪುವುದು ಬಹುಮಟ್ಟಿಗೆ ಇವುಗಳ ಮೂಲಕವೇ ಎಂದು ವಾದಿಸಿದರು. ಈ ನಂಟುಗಳಿಗೂ ಸಂತೋಷಕ್ಕೂ ಇರುವ ಸಂಬಂಧವನ್ನು ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಪರೀಕ್ಷಿಸಿದರು. 2014ರಲ್ಲಿ ಪ್ರಕಟವಾದ ಅವರ ಪ್ರಯೋಗವೊಂದರಲ್ಲಿ, ಕಾಫಿ ಅಂಗಡಿಯ ಸಿಬ್ಬಂದಿಯೊಡನೆ ಮುಗುಳ್ನಕ್ಕು ಒಂದೆರಡು ಮಾತಾಡಿದ ಗ್ರಾಹಕರು, ಸರಕ್ಕನೆ ವ್ಯವಹಾರ ಮುಗಿಸಿದವರಿಗಿಂತ ಹೆಚ್ಚು ಉಲ್ಲಾಸವನ್ನೂ ‘ತಾನೂ ಇವರಲ್ಲೊಬ್ಬ’ ಎಂಬ ಭಾವವನ್ನೂ ಅನುಭವಿಸಿದರು.

ಅದೇ ವರ್ಷ ಪ್ರಕಟವಾದ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಅವರ ಅಧ್ಯಯನ ಇನ್ನೂ ಕುತೂಹಲಕರವಾದುದು. ಶಿಕಾಗೋ ಪ್ರದೇಶದ ರೈಲು ಪ್ರಯಾಣಿಕರಲ್ಲಿ ಒಂದು ಗುಂಪಿಗೆ ಅಪರಿಚಿತರನ್ನು ಮಾತಾಡಿಸಲು, ಇನ್ನೊಂದಕ್ಕೆ ಒಂಟಿಯಾಗಿರಲು, ಮೂರನೆಯದಕ್ಕೆ ಎಂದಿನಂತೆ ಪ್ರಯಾಣಿಸಲು ಸೂಚಿಸಲಾಯಿತು. ಮಾತಾಡಿಸಿದರೆ ಪ್ರಯಾಣ ಬೇಸರವಾದೀತೆಂದು ಪ್ರಯಾಣಿಕರು ಊಹಿಸಿದ್ದರೂ, ಹೆಚ್ಚು ಹಿತವಾದ ಪ್ರಯಾಣ ದೊರೆತದ್ದು ಮಾತಾಡಿದವರಿಗೇ.

ಅನುಭವಕ್ಕೂ ಊಹೆಗೂ ಇಷ್ಟು ಅಂತರವೇಕೆ? ತನಗೆ ಮಾತು ಬೇಕಿದ್ದರೂ ಪಕ್ಕದವರಿಗೆ ಬೇಡವೆಂದು ಪ್ರತಿಯೊಬ್ಬರೂ ಎಣಿಸುತ್ತಾರೆ. ಎದುರಿನವರ ಮೌನವೂ ಇಂಥದೇ ಸಂಕೋಚದಿಂದ ಹುಟ್ಟಿರಬಹುದೆಂದು ಹೊಳೆಯದಿರುವುದರಿಂದ ಒಬ್ಬರ ಮೌನ ಮತ್ತೊಬ್ಬರಿಗೆ ನಿರಾಸಕ್ತಿಯ ಪುರಾವೆಯಾಗುತ್ತದೆ. ಮಾತು ಮುಗಿದ ಮೇಲೂ ಈ ಅಳುಕು ಪೂರ್ತಿ ಹೋಗುವುದಿಲ್ಲ: ಎದುರಿನವರು ತಮ್ಮನ್ನು ನಿಜವಾಗಿ ಮೆಚ್ಚಿದ್ದಕ್ಕಿಂತ ಕಡಿಮೆ ಮೆಚ್ಚಿದರೆಂದೇ ಜನರು ಭಾವಿಸುವುದನ್ನು 2018ರ ಅಧ್ಯಯನವೊಂದು ಗುರುತಿಸಿ, ಅದನ್ನು ‘ಮೆಚ್ಚುಗೆಯ ಅಂತರ’ ಎಂದು ಕರೆಯಿತು.

ಇಂಥ ಭೇಟಿಗಳು ಗಾಢ ಸಂಬಂಧಗಳಿಗೆ ಬದಲಿಯಲ್ಲ. ಏಕಾಂತವನ್ನು ಬಯಸುವವರನ್ನು ಬಲವಂತವಾಗಿ ಮಾತಿಗೆಳೆಯುವುದೂ ಸಲ್ಲದು. ಆದರೂ ಅಡ್ಡಿ ಬಹುಮಟ್ಟಿಗೆ ಮೊದಲ ಮಾತಿನಲ್ಲೇ ಇದೆ ಎಂಬುದನ್ನು ಗಮನಿಸಿದರೆ, ಬಸ್ಸಿನಲ್ಲಿ ಪಕ್ಕದವರನ್ನು ‘ಯಾವೂರಾಯ್ತು?’ ಎಂದು ಕೇಳುವ ಕನ್ನಡ ನಾಡಿನ ರೂಢಿಯ ಬೆಲೆ ತಿಳಿಯುತ್ತದೆ. ಮೊದಲ ಮಾತಿನ ಹೊಣೆಯನ್ನು ಆ ರೂಢಿಯೇ ಹೊತ್ತುಕೊಂಡು, ಕೇಳುವವರ ಅಳುಕನ್ನೂ ಕೇಳಿಸಿಕೊಳ್ಳುವವರ ಸಂಶಯವನ್ನೂ ಒಟ್ಟಿಗೆ ಇಳಿಸುತ್ತದೆ. ಅದು ಮರೆಯಾದಲ್ಲಿ ಆ ಹೊಣೆ ಮತ್ತೆ ಒಬ್ಬೊಬ್ಬರ ಹೆಗಲಿಗೇರುತ್ತದೆ.