ಅರಳುಮರಳು

‘ಅರವತ್ತಕ್ಕೆ ಅರಳುಮರಳು’ ಎಂಬುದು ನಮ್ಮ ಹಳೆಯ ಗಾದೆ. ಬೇಂದ್ರೆಯವರು ಈ ಜೋಡಿಪದವನ್ನೇ ತಮ್ಮ ಕವನಸಂಗ್ರಹಕ್ಕೆ ಹೆಸರಾಗಿಸಿದರು. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆ ಹೆಸರಿನ ಶ್ಲೇಷವನ್ನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ. ಆದರೆ ನನ್ನ ಮನೆಯಲ್ಲೇ ಆ ಗಾದೆ ನನ್ನ ಕಣ್ಣು ಕಟ್ಟಿತು.

ಬೈಂದೂರಿನಲ್ಲಿದ್ದ ನನ್ನ ದೊಡ್ಡಮ್ಮನಿಗೆ ಎಪ್ಪತ್ತು ದಾಟಿದ ಮೇಲೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವ ಅಭ್ಯಾಸ ಹತ್ತಿತು. ಗಂಜಿಗೆ ಎರಡು ಸಲ ಉಪ್ಪು ಬಿತ್ತು. ದಿನವೂ ನಡೆದ ಗುಡಿಯ ದಾರಿ ತಪ್ಪಿತು. ‘ವಯಸ್ಸಾಯಿತು’ ಎಂದು ನಾವೆಲ್ಲ ನಕ್ಕೆವು. ಒಂದು ಮಧ್ಯಾಹ್ನ ಉಂಡು ಕೈತೊಳೆದ ಸ್ವಲ್ಪ ಹೊತ್ತಿಗೇ ನೆರೆಮನೆಗೆ ಹೋಗಿ, ‘ಸೊಸೆ ನಂಗೆ ಉಂಬುಕೆ ಹಾಕ್ಲಿಲ್ಲ’ ಎಂದು ಕಣ್ಣೀರಿಟ್ಟರು. ಕೇರಿ ನಂಬಿತು. ನಾನೂ ನಂಬಿ ಅತ್ತಿಗೆಗೆ ನಾಲ್ಕು ಕಟುಮಾತು ಆಡಿದೆ, ಅವರು ಎದುರಾಡಲಿಲ್ಲ. ಎರಡು ವರ್ಷಗಳ ಮೇಲೆ ವೈದ್ಯರು ಇದು ಆಲ್ಝೈಮರ್ ರೋಗವೆಂದಾಗ ನನ್ನ ತಲೆ ತಗ್ಗಿತು.

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಈ ರೋಗವನ್ನು ವಿವರಿಸಿದನು. ಅವನು ಕಂಡ ರೋಗಿ ಮುದುಕಿಯಲ್ಲ. ಆಸ್ಪತ್ರೆಗೆ ಬಂದಾಗ ಆಕೆಗೆ 51 ವರ್ಷ. ಮಿದುಳಿನ ಜೀವಕೋಶಗಳ ಹೊರಗೆ ಅಮೈಲಾಯ್ಡ್ ಎಂಬ ಪ್ರೋಟೀನು ಗಡ್ಡೆಗಟ್ಟುತ್ತದೆ. ಒಳಗೆ ಟೌ ಎಂಬುದು ನೂಲಿನಂತೆ ಸಿಕ್ಕಾಗುತ್ತದೆ. ಕೋಶಗಳು ಮೆಲ್ಲಮೆಲ್ಲನೆ ಸಾಯುತ್ತವೆ. ಹೊಸ ನೆನಪನ್ನು ಕಟ್ಟುವ ಭಾಗಕ್ಕೆ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುತ್ತದೆ. ಆದ್ದರಿಂದಲೇ ದೊಡ್ಡಮ್ಮನಿಗೆ ಬೆಳಗಿನ ತಿಂಡಿ ನೆನಪಿರಲಿಲ್ಲ. ಬಾಲ್ಯದಲ್ಲಿ ಮಂದಾರ್ತಿ ಮೇಳದ ಆಟದಲ್ಲಿ ಕಂಡ ಅಂಬೆಯ ಸೀರೆಯ ಬಣ್ಣ ನೆನಪಿತ್ತು. ಅವರು ಸುಳ್ಳು ಹೇಳಲಿಲ್ಲ. ಉಂಡದ್ದು ಅವರ ಮನಸ್ಸಿನಲ್ಲಿ ನಿಂತೇ ಇರಲಿಲ್ಲ.

ವಯಸ್ಸು ಏರಿದಂತೆ ರೋಗದ ಸಂಭವ ಹೆಚ್ಚುವುದು ನಿಜ; ವಂಶದ ಪಾಲೂ ಉಂಟು; ರಕ್ತದೊತ್ತಡ, ಸಿಹಿಮೂತ್ರ, ಧೂಮಪಾನ, ಕಿವಿಮಂದತೆಗಳೂ ಅದಕ್ಕೆ ಎಡೆಗೊಡುತ್ತವೆ. ಆದರೆ ಮುಪ್ಪೇ ರೋಗವಲ್ಲ. ಇಲ್ಲೇ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ತೊಂಬತ್ತು ದಾಟಿದ ಮೇಲೂ ಬರೆಯುತ್ತಿದ್ದರು. ಇತ್ತ ಬಾರಕೂರು, ಕುಂದಾಪುರ, ಬೈಂದೂರುಗಳಿಗೆ ರೈಲು ತಂದ ಕೊಂಕಣ ರೈಲ್ವೆಗೆ ಸಚಿವರಾಗಿ ಚಾಲನೆ ಕೊಟ್ಟ ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಇದೇ ಆಲ್ಝೈಮರ್ ರೋಗದಿಂದ ಬಹುಕಾಲ ಬಳಲಿ 2019ರಲ್ಲಿ ತೀರಿಕೊಂಡರು. ವಿದ್ಯೆಯಾಗಲಿ ಪದವಿಯಾಗಲಿ ಇದಕ್ಕೆ ಪೂರ್ಣ ರಕ್ಷೆಯಲ್ಲ. ಇದು ಪೂರ್ವಜನ್ಮದ ಪಾಪವೂ ಅಲ್ಲ.

ಇದನ್ನು ಗುಣಪಡಿಸುವ ಮದ್ದು ಇನ್ನೂ ಇಲ್ಲ. ಕೆಲವು ಔಷಧಿಗಳು ಕೆಲವರಿಗೆ ಕೆಲಕಾಲ ನೆರವಾಗುತ್ತವೆ. ಆದರೂ ವೈದ್ಯರಲ್ಲಿಗೆ ಬೇಗ ಹೋಗಬೇಕು. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಮನೋಖಿನ್ನತೆಗಳಿಂದಲೂ ಮರೆವು ಬರುತ್ತದೆ, ಅವುಗಳಿಗೆ ಚಿಕಿತ್ಸೆಯುಂಟು. ‘ಅರಳುಮರಳು’ ಎಂದು ಕೈಚೆಲ್ಲಿದರೆ ವಾಸಿಯಾಗುವ ಕಾಯಿಲೆಯೂ ವಾಸಿಯಾಗದೆ ಉಳಿಯುತ್ತದೆ.

ರೋಗದ ಹೆಸರು ತಿಳಿದ ಮೇಲೆ ಮನೆಯಲ್ಲಿ ವಾದ ನಿಂತಿತು. ದೊಡ್ಡಮ್ಮ ಉಣ್ಣಲಿಲ್ಲವೆಂದಾಗಲೆಲ್ಲ ಅತ್ತಿಗೆ ಒಂದು ಹಿಡಿ ಅವಲಕ್ಕಿ ತಂದು ಮುಂದಿಡುತ್ತಿದ್ದರು. ಅವರು ತಿಂದು ಶಾಂತರಾಗುತ್ತಿದ್ದರು. ಅತ್ತಿಗೆಯಲ್ಲಿ ನಾನು ಕ್ಷಮೆ ಕೇಳಿದ್ದು ದೊಡ್ಡಮ್ಮ ತೀರಿಕೊಂಡ ಮೇಲೆ. ವಾಚಕರು ಅಷ್ಟು ತಡಮಾಡದಿರಲಿ.